ಹೊರಗೆ ಬಿಡುವ ಶರ್ಟು

"ಕೈ ಎತ್ತು," ಎಂದರು ಮಾಸ್ಟರ್.

ಟೈಲರ್ ಅಂಗಡಿಯ ಕನ್ನಡಿಯ ಮುಂದೆ ಹೊಸ ನೀಲಿ ಶರ್ಟು ತೊಟ್ಟು ನಿಂತಿದ್ದವನು ಪಕ್ಕದ ಹೇರ್ ಕಟಿಂಗ್ ಅಂಗಡಿಯವನು. ಶರ್ಟು ಬೆಲ್ಟಿನಿಂದ ನಾಲ್ಕು ಬೆರಳು ಕೆಳಗೆ ಬಂದು ನೇರವಾಗಿ ನಿಂತಿತ್ತು. ಪ್ಯಾಂಟಿನೊಳಗೆ ತುರುಕಲು ಅದಕ್ಕೆ ಬಾಲವೇ ಇರಲಿಲ್ಲ. ಬಟ್ಟೆ ಕತ್ತರಿಸಿದವಳು ಮಾಸ್ಟರ್ ಮಗಳು. ಹತ್ತು ವರ್ಷದಿಂದ ಅವಳು ಇಲ್ಲಿ ಗುಂಡಿಗಳಿಗೆ ಕಾಜಾ ಹಾಕಿದ್ದಾಳೆ, ಕಾಲರ್ ಕೂರಿಸಿದ್ದಾಳೆ. ಗಿರಾಕಿಯ ಹೊಸ ಬಟ್ಟೆಗೆ ಕತ್ತರಿ ಇಡಲು ಮಾತ್ರ ಅಪ್ಪ ಜಪ್ಪಯ್ಯ ಎಂದರೂ ಬಿಟ್ಟಿರಲಿಲ್ಲ. ಇವನೊಬ್ಬ, ಹಾಳಾದರೂ ಚಿಂತೆಯಿಲ್ಲ ಎಂದು ತಾನಾಗಿ ಬಟ್ಟೆ ಕೊಟ್ಟಿದ್ದ. ಅಪ್ಪನ ಕರಾರು ಇಷ್ಟೇ: ಕೈ ಎತ್ತಿದಾಗ ಹೊಟ್ಟೆ ಕಾಣದಿದ್ದರೆ ಕಟಿಂಗ್ ಟೇಬಲ್ ಅವಳದು, ಕಂಡರೆ ಮತ್ತೆ ಕಾಜಾ.

ಹೋದ ತಿಂಗಳು ಒಮ್ಮೆ ಸೋತಿದ್ದಳು. ಅಪ್ಪ ಹೊಲಿದುಕೊಟ್ಟಿದ್ದ ಇವನದೇ ಹಳೆಯ ಶರ್ಟಿನ ಕೆಳಗಿನ ಮೂರಿಂಚು ಕತ್ತರಿಸಿ, ಮಡಿಚಿ ಹೊಲಿದು, ಇಷ್ಟೇ ತಾನೆ ಎಂದುಕೊಂಡಿದ್ದಳು. ಇದೇ ಮನುಷ್ಯ ಕೈ ಎತ್ತಿದ್ದೇ ತಡ, ಹೊಕ್ಕುಳು ದರ್ಶನ ಕೊಟ್ಟಿತ್ತು. ಅಪ್ಪ ಒಂದು ವಾರ ನಕ್ಕಿದ್ದರು.

"ಇನ್‌ಶರ್ಟ್ ಮಾಡಿದ್ರೆ ಗಂಡಸು ಕೆಲಸಕ್ಕೆ ಹೊರಟ ಹಾಗಿರ್ತಾನೆ. ಹೊರಗೆ ಬಿಟ್ರೆ ಈಗಷ್ಟೇ ಹಾಸಿಗೆಯಿಂದ ಎದ್ದು ಬಂದ ಹಾಗೆ," ಎಂದು ಮಾಸ್ಟರ್ ಇವತ್ತೂ ಮೂಗು ಮುರಿದರು.

"ನೀವು ಹೊಲಿದಿದ್ದನ್ನ ಹೊರಗೆ ಬಿಟ್ರೆ ಹಾಗೇ ಕಾಣೋದು ಅಪ್ಪ. ಅದು ಮೊಣಕಾಲು ಹುಡುಕ್ಕೊಂಡು ಹೋಗುತ್ತೆ."

"ನನ್ನ ಪಾಡು ಕೇಳಿ ಮಾಸ್ಟ್ರೇ," ಎಂದ ಶರ್ಟು ತೊಟ್ಟವನು. "ಬೆಳಗಿಂದ ಸಂಜೆವರೆಗೂ ಕೈ ಎತ್ಕೊಂಡೇ ಇರೋನು. ಇನ್ ಮಾಡಿದ್ದು ಹತ್ತು ನಿಮಿಷಕ್ಕೆ ಅರ್ಧ ಆಚೆ ಬರುತ್ತೆ. ಮತ್ತೆ ತುರುಕಿದ್ರೆ ಊರೋರ ಕೂದ್ಲೆಲ್ಲಾ ನನ್ನ ಪ್ಯಾಂಟೊಳಗೆ."

"ಮಾತು ಸಾಕು. ಎತ್ತು."

ಅವನು ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಕತ್ತರಿ ಹಿಡಿದವನಂತೆ ಎರಡೂ ಕೈ ಎತ್ತಿದ. ಮಗಳು ಬಗ್ಗಿ ನೋಡಿದಳು. ಶರ್ಟಿನ ಅಂಚು ಒಂದು ಬೆರಳಿನಷ್ಟು ಮೇಲೆ ಸರಿದು ಅಲ್ಲೇ ನಿಂತಿತು. ಬೆಲ್ಟು ಕೂಡ ಕಾಣಲಿಲ್ಲ.

"ಇನ್ನೂ ಮೇಲೆ. ಫ್ಯಾನ್ ಒರೆಸ್ತಿದೀಯ ಅಂದ್ಕೋ."

ಅವನು ತುದಿಗಾಲಲ್ಲಿ ನಿಂತು ಮೈ ಚಾಚಿದ. ಎಡಕ್ಕೂ ಬಲಕ್ಕೂ ವಾಲಿದ. ಮಾಸ್ಟರ್ ಅವನ ಸುತ್ತ ಒಂದು ಸುತ್ತು ಬಂದು, ಕನ್ನಡಕ ಏರಿಸಿ, ಕಂಕುಳಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. ಬೆರಳು ಅಲ್ಲೇ ನಿಂತಿತು.

"ಇದನ್ನ ಎಷ್ಟು ಮೇಲೆ ತಂದೆ?"

"ಮುಕ್ಕಾಲಿಂಚು. ತಪ್ಪು ಕೆಳಗಿನ ಅಂಚಲ್ಲಿ ಇರಲಿಲ್ಲ ಅಪ್ಪ, ಕಂಕುಳಲ್ಲಿತ್ತು. ಅದು ಕೆಳಗಿದ್ರೆ ತೋಳು ಎತ್ತಿದಾಗ ಇಡೀ ಶರ್ಟನ್ನ ಎಳ್ಕೊಂಡು ಹೋಗುತ್ತೆ. ಬಾಲ ಪ್ಯಾಂಟೊಳಗೆ ಇದ್ದಿದ್ರಿಂದ ಇಷ್ಟು ದಿನ ನಮಗೆ ಗೊತ್ತೇ ಆಗ್ಲಿಲ್ಲ."

‘ನಿಮಗೆ’ ಎನ್ನಬೇಕಿತ್ತು, ಅಪ್ಪನ ಮುಖ ನೋಡಿ ‘ನಮಗೆ’ ಎಂದಳು.

"ಇಂಥದ್ದೇ ಇನ್ನೆರಡು ಬೇಕು ಕಣಮ್ಮ," ಎಂದು ಅವಳಿಗೇ ಹೇಳಿ, ತೊಟ್ಟ ಶರ್ಟನ್ನು ಬಿಚ್ಚದೆ ಅವನು ತನ್ನ ಗಿರಾಕಿಗಳತ್ತ ನಡೆದ.

ಮಾಸ್ಟರ್ ಕಪಾಟು ತೆರೆದು, ತಮಗೆಂದು ಎತ್ತಿಟ್ಟುಕೊಂಡಿದ್ದ ಬಿಳಿ ಬಟ್ಟೆ ತಂದು ಟೇಬಲ್ ಮೇಲೆ ಹರವಿದರು. ನಲವತ್ತು ವರ್ಷದಲ್ಲಿ ತಮ್ಮ ಶರ್ಟನ್ನು ಬೇರೆಯವರ ಕತ್ತರಿಗೆ ಕೊಟ್ಟವರಲ್ಲ ಅವರು.

"ನನ್ನ ಅಳತೆ ತಗೋ. ಆದ್ರೆ ನಂಗೆ ಬಾಲ ಇರ್ಲಿ. ನಾನು ಇನ್ ಮಾಡೋನೇ."

"ಕಂಕುಳು?"

"ಅದು... ಮೇಲೇ ಇರ್ಲಿ."

ಅವಳಿಗೆ ಕುಣಿದಾಡುವಷ್ಟು ಖುಷಿಯಾಯಿತು. ತೋರಿಸಿಕೊಳ್ಳದೆ ಟೇಪು ಹಿಡಿದು ಅಪ್ಪನ ಮುಂದೆ ನಿಂತಳು. ಭುಜ, ಎದೆ ಮುಗಿದು ಟೇಪು ಹೊಟ್ಟೆಯ ಸುತ್ತ ಬಂದಾಗ, ಎಲ್ಲ ಗಿರಾಕಿಗಳಂತೆ ಮಾಸ್ಟರ್ ಕೂಡ ಮೆಲ್ಲಗೆ ಹೊಟ್ಟೆ ಒಳಗೆಳೆದುಕೊಂಡು, ಕನ್ನಡಿಯ ಕಡೆ ನೋಡುತ್ತಾ ಬಿಗಿಯಾಗಿ ನಿಂತರು.

"ಉಸಿರು ಬಿಡಿ, ಅಪ್ಪ," ಎಂದಳು ಹೊಸ ಮಾಸ್ಟರ್.