ಕಪ್ಪು ಬಂಡೆ ಕಾಣ್ತಿದೆಯಾ?

"ರೂಮ್ ನಂಬರ್ ಇಲ್ಲದವರನ್ನ ಬೀಚಿಗೆ ಬಿಡೋ ಹಾಗಿಲ್ಲ ಅಕ್ಕಾ, ನಿಮಗೇ ಗೊತ್ತಲ್ಲ. ಬಿಟ್ರೆ ನನ್ನ ಕೆಲಸ ಹೋಗುತ್ತೆ," ಎಂದ ಗೇಟಿನ ಕಾವಲುಗಾರ. ಮಗಳು ತಲೆ ತಗ್ಗಿಸಿದಳು. ಅದೇ ರೆಸಾರ್ಟಿನ ಲಾಂಡ್ರಿಯಲ್ಲಿ ಏಳು ವರ್ಷದಿಂದ ಅತಿಥಿಗಳ ಟವೆಲ್ಲಿನ ಮರಳು ಕೊಡವುತ್ತಿದ್ದವಳು, ಇಂದು ರಜೆ ಹಾಕಿ ಅಮ್ಮನನ್ನು ಕರೆತಂದಿದ್ದಳು.

"ಬಿಡೋದು ಬೇಡಪ್ಪ," ಎಂದರು ಅಮ್ಮ. ಗೋಡೆ ಅವರಿಗಿಂತ ಎತ್ತರವಿತ್ತು. ಅಲೆಗಳ ಸದ್ದು ಮಾತ್ರ ಕೇಳುತ್ತಿತ್ತು. "ಅಲ್ಲೊಂದು ಕಪ್ಪು ಬಂಡೆ ಇರ್ಬೇಕು. ಈ ರೆಸಾರ್ಟ್ ಬರೋ ಮೊದಲು ಇವಳಿಗೆ ಅದರ ಪಕ್ಕದಲ್ಲೇ ಈಜು ಕಲಿಸಿದ್ದೆ. ಕಾಣ್ತಿದೆಯಾ ನೋಡಿ ಹೇಳು, ಅಷ್ಟು ಸಾಕು."

ಗೇಟಿನೊಳಗೆ ನಿಂತಿದ್ದ ಕಾವಲುಗಾರ ಕಡಲ ಕಡೆ ತಿರುಗಿ, ಹುಬ್ಬಿಗೆ ಕೈ ಅಡ್ಡ ಹಿಡಿದು ಹುಡುಕಿದ. "ಇದೆ ಅಮ್ಮಾ. ಅರ್ಧ ಮುಳುಗಿದೆ."

"ಹಾಗಾದ್ರೆ ನೀರಿಗೆ ಇಳಿಯೋಕೆ ಇದೇ ಸರಿಯಾದ ಹೊತ್ತು." ಅಮ್ಮ ಚಪ್ಪಲಿ ಕಳಚಿದರು. ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತು, ಮಗಳ ಕೈ ಹಿಡಿದು ಕಣ್ಣು ಮುಚ್ಚಿದರು. "ಬಂಡೆ ಪೂರ್ತಿ ಮುಳುಗಿದ ತಕ್ಷಣ ಕೂಗಪ್ಪ. ಆಮೇಲೆ ಅಲ್ಲಿ ಆಳ ಜಾಸ್ತಿ, ಇವಳನ್ನ ದಡಕ್ಕೆ ಕರ್ಕೊಂಡು ಬರ್ಬೇಕು."

"ಕೂಗ್ತೀನಮ್ಮಾ," ಎಂದ ಅವನು. ರಸ್ತೆಯಲ್ಲಿ ಅತಿಥಿಗಳ ಕಾರೊಂದು ಬಂದು ನಿಂತು, ಎರಡು ಸಲ ಹಾರ್ನ್ ಹೊಡೆಯಿತು. ಅವನು ಈ ಕಡೆ ತಿರುಗಲಿಲ್ಲ.