ಮಾಲೀಕನಿಗೆ ಹೇಳಿದ ಶನಿವಾರ

"ಮೀನು ಈಚೆಗೆ ತುಂಬಾ ಚೆನ್ನಾಗಿದೆ," ಎಂದ ನೆವಿಲ್. ಲಿನೆಟ್ ಕೊಟ್ಟ ಪೊಟ್ಟಣವನ್ನು ಅಡುಗೆಮನೆಯ ಮೇಜಿನ ಮೇಲೇ ಬಿಚ್ಚಿದ್ದ. ಹೊಗಳುವ ದನಿಯಲ್ಲ ಅದು. ಚಹಾಕ್ಕೆ ನೀರಿಡುತ್ತಿದ್ದ ಲಿನೆಟ್ ತಿರುಗಲಿಲ್ಲ. ಮೇಜಿನ ಆಚೆ ಕೂತಿದ್ದ ಅವಳ ಅಕ್ಕ ಬೆವ್ ಬಿಸ್ಕತ್ತು ಕಡಿಯುವುದನ್ನು ನಿಲ್ಲಿಸಿದಳು.

ಇಂಗ್ಲೆಂಡಿನ ಬಂದರು ಊರು ಗ್ರಿಮ್ಸ್‌ಬಿಯಲ್ಲಿ ಮೀನಿನ ಕಾರ್ಖಾನೆಗೆ ಹೋಗುವವರು ತಮಗೆ ಬೇಕಾದವರಿಗೆ ವಾರಕ್ಕೊಮ್ಮೆ ಒಂದು ಹೊತ್ತಿನ ಮೀನು ಕೊಡುತ್ತಾರೆ. ಅದಕ್ಕೆ ದುಡ್ಡೂ ಇಲ್ಲ, ಥ್ಯಾಂಕ್ಸೂ ಇಲ್ಲ. ಮನೆ ಮಾಲೀಕ ನೆವಿಲ್‌ಗೆ ಲಿನೆಟ್ ಶನಿವಾರ ಶನಿವಾರ ಕೊಡುತ್ತಿದ್ದಳು. ಕಾರ್ಖಾನೆ ಅವಳನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ ಮೇಲೂ ಕೊಟ್ಟಳು. ಮಂಜುಗಡ್ಡೆಯಲ್ಲಿ ಕೈಯಿಟ್ಟು ಮೀನು ಸೀಳಿ ಸೀಳಿ ಬೆರಳು ಮಡಚಲು ಬಾರದಂತಾದದ್ದು ಅವರ ಲಾಭಕ್ಕೆ. ನಿನ್ನ ಕೈ ನಡೆಯುವುದಿಲ್ಲ, ಹೋಗು ಅನ್ನಿಸಿಕೊಂಡವಳು ಮಾತ್ರ ಇವಳು. ಮೀನು ನಿಂತರೆ ಕೆಲಸ ಹೋದದ್ದು ಮುದುಕನಿಗೆ ಗೊತ್ತಾಗಿಬಿಡುತ್ತದೆಂದು ಊರಾಚೆಯ ಅಂಗಡಿಯಲ್ಲಿ ಕೊಂಡು, ಹಳೇ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದಳು. ಅಂಗಡಿಯವನು ಮುಳ್ಳು ಕಿತ್ತು, ಅಂಚು ಸವರಿ, ಒಂದೇ ಅಳತೆಗೆ ಕೊಯ್ದು ಕೊಡುತ್ತಾನೆ. ಕಾರ್ಖಾನೆಯಿಂದ ಮನೆಗೆ ಬರುವುದು ಬಾಲದ ಚೂರು, ಹರಿದ ಹೊಟ್ಟೆ. ಈ ವ್ಯತ್ಯಾಸ ಅವಳಿಗೆ ಹೊಳೆಯಲೇ ಇಲ್ಲ. ಕೊಡುವುದಾದರೆ ಒಳ್ಳೆಯದನ್ನೇ ಕೊಡೋಣ ಅಂದುಕೊಂಡಿದ್ದಳು.

"ಒಂದು ಮುಳ್ಳೂ ಇಲ್ಲ." ನೆವಿಲ್ ತುಂಡುಗಳ ಮೇಲೆ ಬೆರಳಾಡಿಸಿದ. ಅರ್ಧ ಆಯುಷ್ಯ ಮೀನಿನ ಹಡಗಿನಲ್ಲೇ ಕಳೆದವನು. "ಯಾವ ಅಂಗಡೀದಮ್ಮಾ ಇದು?"

"ಅಂಗಡೀದಾದ್ರೆ ನಿಮ್ಮ ಗಂಟ್ಲಲ್ಲಿ ಇಳಿಯಲ್ವಾ?" ಬೆವ್ ಅಂದಳು. "ಸುಮ್ನೆ ತಗೊಂಡ್ಹೋಗಿ."

"ನಿನ್ನ ಕೇಳ್ಲಿಲ್ಲ, ಬೆವ್."

"ನಾನೂ ನಿಮಗೆ ಹೇಳ್ಲಿಲ್ಲ. ಬಿಸ್ಕತ್ತಿಗೆ ಹೇಳ್ದೆ."

ಬಾಡಿಗೆ ಕಟ್ಟಲು ಸರ್ಕಾರ ಕೊಡುವ ಬೆನಿಫಿಟ್ ಹಣ ಕೇಳಿದ್ದೇನೆಂದು ಬೆವ್ ಹಿಂದೊಮ್ಮೆ ತನ್ನ ಮಾಲೀಕನಿಗೆ ನಿಯತ್ತಾಗಿ ಹೇಳಿದ್ದಳು. ಮನೆ ಮಾರುತ್ತೇನೆ, ಖಾಲಿ ಮಾಡು ಅಂದ ಆ ಮನುಷ್ಯ. ಇವತ್ತಿಗೂ ಮಾರಿಲ್ಲ, ಬೇರೆಯವರಿಗೆ ಹೆಚ್ಚಿನ ಬಾಡಿಗೆಗೆ ಕೊಟ್ಟಿದ್ದಾನೆ. ಹೇಳಬೇಡ, ಹೇಳಬೇಡ ಎಂದು ಬೆವ್ ವಾರವಿಡೀ ತಂಗಿಗೆ ಬಡಕೊಂಡದ್ದು ಅದಕ್ಕೇ. ಆದರೆ ಲಿನೆಟ್‌ಗೂ ನೆವಿಲ್‌ಗೂ ನಡುವೆ ಕಾಗದ ಪತ್ರ ಯಾವುದೂ ಇರಲಿಲ್ಲ; ಮನೆಗೆ ಬಂದ ದಿನ ಆಡಿದ ಮಾತೇ ಕರಾರು. ಈ ಹೆಂಗಸು ನನ್ನ ಮನೆಯಲ್ಲಿ ಬಾಡಿಗೆಗಿದ್ದಾಳೆ ಎಂದು ಮಾಲೀಕ ತನ್ನ ಬಾಯಿಂದ ಹೇಳದಿದ್ದರೆ ಬೆನಿಫಿಟ್ ಆಫೀಸಿನವರು ಬಿಡಿಗಾಸೂ ಕೊಡುವುದಿಲ್ಲ. ಕೊಡದಿದ್ದರೆ ಈ ಮನೆಯೂ ಇಲ್ಲ.

ಲಿನೆಟ್ ತಿರುಗಿದಳು. "ಕೆಲಸ ಹೋಯ್ತು, ನೆವ್. ಬಾಡಿಗೆಗೆ ಬೆನಿಫಿಟ್ ಕೇಳ್ಕೊಂಡಿದೀನಿ. ಆಫೀಸಿಂದ ನಿಮಗೆ ಫೋನ್ ಬರುತ್ತೆ. ನೀವು ಹೂಂ ಅನ್ಬೇಕು. ಅಷ್ಟೇ."

ನೆವಿಲ್ ಪೊಟ್ಟಣವನ್ನು ನಿಧಾನವಾಗಿ ಮಡಚಿದ. "ನಮ್ಮೋಳು ಬದುಕಿದ್ದಾಗ ಹೇಳ್ತಾನೇ ಇದ್ಲು. ಬೆನಿಫಿಟ್ ತಿನ್ನೋರಿಗೆ ಮಾತ್ರ ಮನೆ ಕೊಡ್ಬೇಡ ಅಂತ."

"ನಿಮ್ಮೋಳು ಬೆಕ್ಕನ್ನೂ ನಂಬ್ತಿರ್ಲಿಲ್ಲ," ಅಂದಳು ಬೆವ್.

"ಆ ಬೆಕ್ಕೂ ಸರಿ ಇರ್ಲಿಲ್ಲ ಬಿಡು." ಅವನು ನಕ್ಕ. ಲಿನೆಟ್ ನಗಲಿಲ್ಲ.

"ನನ್ನ ಮನೆ ಬಿಡಿಸ್ತೀರಾ?" ಕೇಳಿದಳು.

"ಥೂ, ಏನು ಮಾತಂತ ಆಡ್ತೀಯ." ನೆವಿಲ್ ಎದ್ದು ಬಂದು ಅವಳ ಸೊಟ್ಟ ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದ. "ಇಷ್ಟು ವರ್ಷದಲ್ಲಿ ಬಾಡಿಗೆಗೆ ಒಂದು ದಿನಾನೂ ನನ್ನ ಕಾಯಿಸಿದೋಳಲ್ಲ ನೀನು. ಹೂಂ ಅಂತೀನಿ. ಎಷ್ಟು ಸಲ ಕೇಳಿದ್ರೂ ಅಂತೀನಿ." ಹೊರಡುವಾಗ ಪೊಟ್ಟಣವನ್ನು ಮೇಜಿನ ಮೇಲೇ ಅವಳ ಕಡೆಗೆ ಸರಿಸಿದ. "ಇನ್ಮೇಲೆ ನಂಗೆ ಇದೆಲ್ಲ ಬೇಡಮ್ಮ. ನಿನಗೇ ಬೇಕಾಗುತ್ತೆ."

ಬೆವ್ ಮೂಗು ಒರೆಸಿಕೊಂಡಳು. "ಎಲ್ಲಾರೂ ನನ್ನ ಹಳೇ ಮಾಲೀಕನ ಥರ ಹಂದಿಗಳಲ್ಲ ಬಿಡು," ಅಂದಳು. ಮಧ್ಯಾಹ್ನ ಅಕ್ಕತಂಗಿಯರು ಆ ಮೀನನ್ನೇ ಕರಿದು ತಿಂದರು. ವಾರದ ನಡುವೆ ಆಫೀಸಿನಿಂದ ಫೋನ್ ಹೋಯಿತು, ನೆವಿಲ್ ಹೂಂ ಅಂದ. ಲಿನೆಟ್ ಬಹಳ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ಮುಂದಿನ ಶನಿವಾರ ಬೆಳಿಗ್ಗೆ ಅವಳು ತೆಳು ನೈಟಿಯಲ್ಲಿ, ಒದ್ದೆ ಕೂದಲಲ್ಲಿ, ಎರಡೂ ಕೈಯನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ ಕೂತಿದ್ದಾಗ ಮುಂಬಾಗಿಲಿನ ಬೀಗದಲ್ಲಿ ಕೀಲಿ ತಿರುಗಿತು. ಅವಳ ಕೀಲಿ ಗೋಡೆಯ ಮೊಳೆಯಲ್ಲೇ ಇತ್ತು.

ನೆವಿಲ್ ಒಳಗೆ ಬಂದ. ಕೈಯಲ್ಲೊಂದು ಚೀಲ, ಬ್ರೆಡ್, ಹಾಲು, ಬೀನ್ಸ್ ಡಬ್ಬಿ. "ಏಳ್ಬೇಡ, ಏಳ್ಬೇಡ," ಅನ್ನುತ್ತ ತಾನೇ ಫ್ರಿಜ್ ತೆಗೆದು ಹಾಲಿಟ್ಟ. ಬಗ್ಗಿ, ಒಳಗಿದ್ದದ್ದನ್ನೆಲ್ಲ ಒಂದೊಂದಾಗಿ ನೋಡಿದ. "ಬೆಣ್ಣೆ ದುಬಾರೀದು ತಂದಿದೀಯ," ಅಂದ, ಮಗಳಿಗೆ ಹೇಳುವಷ್ಟೇ ಅಕ್ಕರೆಯಿಂದ.

ಲಿನೆಟ್ ಒದ್ದೆ ಕೈಯಲ್ಲೇ ಕುರ್ಚಿಯ ಮೇಲಿದ್ದ ಟವೆಲ್ ಎಳೆದು ಎದೆಗೆ ಹಿಡಿದುಕೊಂಡಳು. ಬೆರಳು ಮಡಚದೆ ಅದು ಜಾರುತ್ತಿತ್ತು.

"ಬಾಗಿಲು ತಟ್ಬಹುದಿತ್ತಲ್ಲ, ನೆವ್."

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ತಟ್ಟೋದು ಯಾಕಮ್ಮಾ? ಇನ್ನು ನಮ್ಮಿಬ್ರ ಮಧ್ಯೆ ಮುಚ್ಚುಮರೆ ಏನಿದೆ?"