ಜೇಬು ಜಾಸ್ತಿಯಾದ ಜಾಕೆಟ್

ಮಗಳ ಹಳೆಯ ಯೂನಿಫಾರ್ಮ್ ಲಂಗದ ಅಂಚು ಬಿಚ್ಚಿ, ಮಡಿಕೆಯ ಗೆರೆ ಕಾಣದಂತೆ ಇಸ್ತ್ರಿ ಒತ್ತುತ್ತಿದ್ದ ತಾಯಿಯ ಕೈ ತಟ್ಟನೆ ನಿಂತಿತು. ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ ತಲೆ ತೂರಿಸಿ ಸೋರುವ ಪೈಪಿನೊಡನೆ ಗುದ್ದಾಡುತ್ತಿದ್ದ ಪ್ಲಂಬರ್ ಹೊರಗೆ ಸರಿದು ಕೂತಿದ್ದ. ಪುಟ್ಟಿ ಅವನ ಜಾಕೆಟ್ಟಿನ ಒಂದೊಂದೇ ಜೇಬಿಗೆ ಕೈಹಾಕಿ ನೋಡುತ್ತಿದ್ದಳು.

"ಇದು ಸ್ಪ್ಯಾನರ್ ಮನೆ, ಇದು ವಾಷರ್ ಮನೆ. ಬೆನ್ನ ಮೇಲಿರೋದು ಯಾರ ಮನೆ ಮಾಮಾ?"

"ಅದು ಊಟದ ಡಬ್ಬಿ ಮನೆ ಪುಟ್ಟಿ. ಅದಕ್ಕೇ ಬೆಚ್ಚಗಿರ್ಲಿ ಅಂತ ದಪ್ಪ ಬಟ್ಟೆ."

ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ತಾಯಿ ಬಾಗಿಲಿಗೆ ಬಂದಳು. "ಇದನ್ನ ಎಲ್ಲಿ ಹೊಲಿಸಿದ್ರಿ?"

"ಬೀದಿ ತುದಿ ಟೈಲರ್ ಹತ್ರಾನೇ ಅಮ್ಮಾ. ನಮ್ಮ ಪ್ಲಂಬರ್‌ಗಳೆಲ್ಲ ಸೇರಿ ಕೊಟ್ಟಿದ್ವಿ. ನನ್ನದೊಂದು ಮೊದಲೇ ಕೈಗೆ ಸಿಕ್ತು. ಉಳಿದವೆಲ್ಲ ಒಳಗೇ ಸಿಕ್ಕಿಹಾಕ್ಕೊಂಡ್ವು."

ಪುಟ್ಟಿಯ ಹೊಸ ಲಂಗವೂ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ಅಂಗಡಿಗೆ ಪೊಲೀಸರ ಸೀಲು ಬಿದ್ದು ವಾರಗಳಾಗಿದ್ದವು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದ ಹಾಗೆಯೇ ಟೈಲರನ್ನು ಜೀಪಿಗೆ ಹತ್ತಿಸಿದ್ದರು. ಬಾಂಬು ಕಟ್ಟಿಕೊಳ್ಳುವವರಿಗೆ ಜಾಕೆಟ್ ಹೊಲಿಯುತ್ತಿದ್ದ ಎಂಬ ಅನುಮಾನ. ಎಲ್ಲಿಟ್ಟಿದ್ದಾರೆಂದು ಅವನ ಹೆಂಡತಿಗೂ ಹೇಳಿರಲಿಲ್ಲ. "ಅವರು ಏನು ತಪ್ಪು ಮಾಡಿದ್ರಮ್ಮಾ?" ಎಂದು ಪುಟ್ಟಿ ಪೀಡಿಸಿದಾಗ, "ಜೇಬು ಜಾಸ್ತಿ ಹೊಲಿದ್ರಂತೆ. ಚಿಕ್ಕಪ್ಪ ಬಂದಾಗ ಮಾತ್ರ ಇದನ್ನೆಲ್ಲ ಕೇಳಬೇಡ" ಎಂದು ತಾಯಿ ಬಾಯಿ ಮುಚ್ಚಿಸಿದ್ದಳು.

"ಈ ಮಾತನ್ನ ಪೊಲೀಸರಿಗೆ ಹೋಗಿ ಹೇಳಬಾರದಾ?" ಎಂದಳು ಈಗ.

ಪ್ಲಂಬರ್ ನಕ್ಕ. "ಹೇಳಬಹುದಮ್ಮಾ. ಹೋಗೋಕೆ ದಾರಿ ಗೊತ್ತು. ವಾಪಸ್ ಬರೋ ದಾರಿ ಯಾರಿಗಾದ್ರೂ ಗೊತ್ತಿದ್ರೆ ಹೇಳಿ."

ಕರೆಗಂಟೆ ಸದ್ದು ಮಾಡಿತು. ಬಂದವನು ಮೈದುನ, ಪೊಲೀಸ್ ಅಧಿಕಾರಿ. ಪ್ಲಂಬರ್ ಮತ್ತೆ ಸಿಂಕಿನ ಕೆಳಗೆ ತಲೆ ತೂರಿಸಿದ.

"ಅತ್ತಿಗೆ, ಒಂದು ಲೋಟ ಕಾಫಿ. ನಿಮಗೆ ಥ್ಯಾಂಕ್ಸ್ ಹೇಳೋಕೇ ಬಂದೆ." ಅವನು ಕುರ್ಚಿಯಲ್ಲಿ ಆರಾಮಾಗಿ ಒರಗಿದ. "ಅವತ್ತು ಊಟಕ್ಕೆ ಕೂತಾಗ ನೀವು ಹೇಳಿರದಿದ್ರೆ ನಮಗೆ ಎಲ್ಲಿ ಹೊಳೀತಿತ್ತು? ಸಾಹೇಬ್ರು ತುಂಬಾ ಮೆಚ್ಕೊಂಡ್ರು."

ಅವತ್ತು ಅವಳು ಹೇಳಿದ್ದು ತಮಾಷೆಗೆ. 'ಟೈಲರ್‌ಗೆ ಲಂಗ ಹೊಲಿಯೋಕೆ ಪುರುಸೊತ್ತೇ ಇಲ್ಲವಂತೆ. ಮೂರು ಹೊತ್ತೂ ಜಾಕೆಟ್ಟಿಗೆ ಜೇಬು ಹೊಲೀತಾ ಕೂತಿದ್ದಾನೆ. ಅಷ್ಟೊಂದು ಜೇಬಲ್ಲಿ ಅದೇನು ತುಂಬ್ಕೋತಾರೋ!' ಎಲ್ಲರೂ ನಕ್ಕಿದ್ದರು. ಮೈದುನ ಮಾತ್ರ ತುತ್ತನ್ನು ಅರ್ಧಕ್ಕೇ ಇಳಿಸಿದ್ದ. ನಿನ್ನೆ ಟೈಲರನ ಹೆಂಡತಿ ಇದೇ ಮನೆಗೆ ಬಂದು, "ನಿಮ್ಮ ಮೈದುನರಿಗೆ ಒಂದು ಮಾತು ಹೇಳಿ ಅಕ್ಕಾ, ನಿಮ್ಮ ಮಾತಿಗೆ ಬೆಲೆಯಿದೆ" ಎಂದು ಕೈ ಹಿಡಿದು ಅತ್ತಿದ್ದಳು. ಬೆಲೆಯೇನೋ ಇತ್ತು.

ಕಾಫಿ ತಂದಿಟ್ಟು ತಾಯಿ ಮೆಲ್ಲಗೆ ಕೇಳಿದಳು: "ಅದೆಲ್ಲ ಯಾರಿಗೆ ಹೊಲಿದದ್ದಂತೆ?"

"ಪ್ಲಂಬರ್‌ಗಳಿಗಂತೆ! ಹೆಸರು ಹೇಳೋ ಅಂದ್ರೆ ಗೊತ್ತಿಲ್ಲ ಅಂತಾನೆ. ಎದೆ ಸುತ್ತಳತೆ ಬಾಯಿಪಾಠ, ಹೆಸರು ಮಾತ್ರ ಗೊತ್ತಿಲ್ಲ. ಹೋಗ್ಲಿ, ಒಬ್ಬನಾದ್ರೂ ಬಂದು 'ಇದು ನನ್ನದು ಸ್ವಾಮಿ' ಅಂದ್ನಾ? ಇಲ್ಲ. ಯಾರೂ ಬರದೆ ಇರೋದೇ ದೊಡ್ಡ ಸಾಕ್ಷಿ ಅತ್ತಿಗೆ."

"ಬಂದ್ರೆ? ಬಂದ್ರೆ ಬಿಡ್ತೀಯಾ?"

"ಬಂದ್ರೆ ಅವನನ್ನೂ ಕೂರಿಸ್ಕೋತೀವಿ. ಬಿಡೋಕಾಗತ್ತಾ?" ಅವನು ಕಾಫಿ ಹೀರಿದ. ಮುಖದಲ್ಲಿ ದರ್ಪವಿರಲಿಲ್ಲ, ನಿದ್ದೆಗೆಟ್ಟ ಕಣ್ಣುಗಳು ಕೆಂಪಾಗಿದ್ದವು. "ನೀವೇ ಹೇಳಿ. ಹಾಲು ಉಕ್ಕಿದ ಮೇಲೆ ಒಲೆ ಆರಿಸಿ ಏನು ಬಂತು? ನಾಳೆ ನಮ್ಮ ಪುಟ್ಟಿ ಹೋಗೋ ಬಸ್ಸಿನಲ್ಲೇ ಏನಾದ್ರೂ ಆದ್ರೆ, ಕಾನೂನು ಪ್ರಕಾರ ನಡ್ಕೊಂಡೆ ಅಂತ ನಾನು ಅಣ್ಣನಿಗೆ ಹೇಳಲಾ?"

ತಾಯಿಯ ಕಣ್ಣ ಮುಂದೆ ಆ ಬಸ್ಸು ಬಂತು. ಹಿಂದೆಯೇ ಟೈಲರನ ಕೊರಳಿನ ಟೇಪೂ ಬಂತು. ಜಾಕೆಟ್ಟಿನವನೊಬ್ಬ ಇಲ್ಲೇ ಇದ್ದಾನೆಂದು ಹೇಳಿಬಿಡಲೇ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಪ್ಲಂಬರ್ ಅಡುಗೆಮನೆಯಿಂದ ಹೊರಬಂದ. ಮೈಮೇಲೆ ಬರೀ ಅಂಗಿ. ಸ್ಪ್ಯಾನರು, ಇಕ್ಕಳ, ಟೇಪು ಎಲ್ಲವನ್ನೂ ಎದೆಗವಚಿಕೊಂಡಿದ್ದ. ಅವಳ ಮುಖವನ್ನು ಒಮ್ಮೆ ನೋಡಿದ, ನೆಲ ನೋಡಿದ.

"ವಾಷರ್ ತಂದ್ಬಿಡ್ತೀನಮ್ಮಾ."

ಹೋಗುವಾಗ ಬಾಗಿಲಲ್ಲಿ ಒಂದು ಸ್ಪ್ಯಾನರ್ ಠಣ್ಣೆಂದು ಬಿತ್ತು. ಮೈದುನ ತಾನೇ ಎದ್ದು ಅದನ್ನೆತ್ತಿ ಕೊಟ್ಟ. "ಒಂದು ಚೀಲ ಇಟ್ಕೋಬಾರದೇನಪ್ಪಾ?" ಎಂದ ಕನಿಕರದಿಂದ. "ಜೇಬಿಲ್ಲದ ಅಂಗಿ ಹಾಕ್ಕೊಂಡು ಇಷ್ಟೆಲ್ಲ ಹೆಂಗೆ ಹೊರ್ತೀಯ?"

ಪ್ಲಂಬರ್ ಮೆಟ್ಟಿಲಿಳಿದು ಹೋದ. ತಾಯಿ ಅಡುಗೆಮನೆಗೆ ಇಣುಕಿದಳು. ಮೂಲೆಯಲ್ಲಿದ್ದ ಒಗೆಯುವ ಬಟ್ಟೆಯ ಬುಟ್ಟಿ ಉಬ್ಬಿಕೊಂಡಿತ್ತು. ಅದರ ಮೇಲೊಂದು ಟವೆಲ್ ಎಸೆದು, ಏನೂ ಕಾಣದವಳಂತೆ ಬಂದು ಇಸ್ತ್ರಿಪೆಟ್ಟಿಗೆ ಹಿಡಿದಳು. ಲಂಗದ ಹಳೆಯ ಗೆರೆ ಎಷ್ಟು ಒತ್ತಿದರೂ ಹೋಗುತ್ತಿರಲಿಲ್ಲ. ಒಳಗೆ ಪೈಪು ತೊಟ್ಟಿಕ್ಕುತ್ತಲೇ ಇತ್ತು.

"ಧೈರ್ಯವಾಗಿರಿ ಅತ್ತಿಗೆ. ನಾವಿರೋವರೆಗೂ ನಿಮ್ಮ ಮನೆಯೊಳಕ್ಕೆ ಏನೂ ಬರಲ್ಲ" ಎನ್ನುತ್ತ ಮೈದುನ ಲೋಟ ಕೆಳಗಿಟ್ಟ.

ಅಷ್ಟರಲ್ಲಿ ಪುಟ್ಟಿ ಅಡುಗೆಮನೆಯಿಂದ ಹೊರಬಂದಳು. ಬುಟ್ಟಿಯಿಂದೆಳೆದು ತೊಟ್ಟಿದ್ದ, ಪಾದದವರೆಗೂ ಜೋಲುತ್ತಿದ್ದ ಜಾಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ನೇರವಾಗಿ ಅವನ ಮುಂದೆ ಬಂದು ನಿಂತಳು. ಎಷ್ಟೋ ದಿನದಿಂದ ಅದುಮಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟಳು:

"ಚಿಕ್ಕಪ್ಪಾ, ಇದರಲ್ಲಿ ತಪ್ಪು ಮಾಡಿರೋ ಜೇಬು ಯಾವುದು?"